ಮನೇಲಿ ಕನ್ನಡ ಮಾತಾಡ್ತೀವಿ ಅಂತ ಸ್ಕೂಲ್ ಡಿಸ್ಟ್ರಿಕ್ಟ್ ಮಗನ ಅಸೆಸ್‌ಮೆಂಟ್ ಮುಂದೂಡ್ತಿದೆ, ಲಾಯರ್ ಹಿಡಿಬೇಕಾ?

ತುಮಕೂರ್_ಟು_ಬೇಏರಿಯಾ
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಮಗ ಸೆಕೆಂಡ್ ಗ್ರೇಡ್, 7 ವರ್ಷ, ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ್ದು, ಮನೇಲಿ ಕನ್ನಡವೇ. ಕಿಂಡರ್‌ಗಾರ್ಟನ್‌ಗೆ ಸೇರಿಸುವಾಗ ಹೋಮ್ ಲ್ಯಾಂಗ್ವೇಜ್ ಸರ್ವೆ ಫಾರಂನಲ್ಲಿ ಕನ್ನಡ ಅಂತ ಬರೆದ್ವಿ, ಇಂಗ್ಲಿಷ್ ಎಷ್ಟು ಬರುತ್ತೆ ಅಂತ ನೋಡೋ ಎಲ್ಪ್ಯಾಕ್ ಪರೀಕ್ಷೆ ಮಾಡಿ ಇಂಗ್ಲಿಷ್ ಲರ್ನರ್ ಅಂತ ಗುರುತು ಹಾಕಿದ್ರು, ಅದಕ್ಕೇನೂ ಬೇಜಾರಿಲ್ಲ. ತೊಂದರೆ ಏನಂದ್ರೆ ಅವನಿಗೆ ಓದು ಹತ್ತುತ್ತಾನೇ ಇಲ್ಲ. ಅಕ್ಷರ ಎಲ್ಲಾ ಗೊತ್ತು, ಕೂಡಿಸಿ ಓದು ಅಂದ್ರೆ ಆಗಲ್ಲ, ಬೆಳಿಗ್ಗೆ ಓದಿದ ಪದ ಸಾಯಂಕಾಲಕ್ಕೆ ಹೊಸದು. ಬಾಯಲ್ಲಿ ಏನಾದ್ರೂ ಹೇಳುವಾಗ್ಲೂ ಪದ ಸಿಗದೆ ಒದ್ದಾಡ್ತಾನೆ, ಅದೂ ಇಂಗ್ಲಿಷಲ್ಲಿ ಮಾತ್ರ ಅಲ್ಲ, ಅಜ್ಜಿ ಹತ್ರ ಫೋನಲ್ಲಿ ಕನ್ನಡದಲ್ಲಿ ಮಾತಾಡುವಾಗ್ಲೂ.

ಹೋದ ವರ್ಷದಿಂದ ಟೀಚರ್ ಹತ್ರ, ಆಮೇಲೆ ಎಸ್ಎಸ್‌ಟಿ (ಹಿಂದೆ ಬಿದ್ದ ಮಕ್ಕಳ ಬಗ್ಗೆ ಮಾತಾಡೋ ಸ್ಕೂಲಿನ ತಂಡ) ಮೀಟಿಂಗಲ್ಲಿ ಸ್ಪೆಷಲ್ ಎಜುಕೇಶನ್ ಅಸೆಸ್‌ಮೆಂಟ್ ಮಾಡಿ ಅಂತ ಕೇಳ್ತಾನೇ ಇದೀನಿ. ಪ್ರತಿ ಸಲ ಅದೇ ಉತ್ತರ, ಎರಡು ಭಾಷೆ ಇರೋ ಮಕ್ಕಳಿಗೆ ಟೈಮ್ ಹಿಡಿಯುತ್ತೆ, ಥರ್ಡ್ ಗ್ರೇಡ್ ತನಕ ಸಣ್ಣ ಗುಂಪಲ್ಲಿ ಹೇಳಿಕೊಡ್ತೀವಿ ನೋಡೋಣ, ಸಾಧ್ಯವಾದ್ರೆ ಮನೇಲೂ ಇಂಗ್ಲಿಷ್ ಮಾತಾಡಿ. ಈಗ ನಮ್ಮತ್ತೆಯವರೂ ಕನ್ನಡ ಬಿಟ್ಬಿಡಿ ಮಗು ಹಾಳಾಗೋದು ಬೇಡ ಅಂತಿದಾರೆ. ನಮ್ಮನೆಯವರು ಎಚ್‌ಒನ್‌ಬಿಯಲ್ಲಿದೀವಿ, ಗ್ರೀನ್ ಕಾರ್ಡ್ ಕ್ಯೂ ಬೇರೆ, ಸರ್ಕಾರಿ ಸ್ಕೂಲ್ ಮೇಲೆ ಕಂಪ್ಲೇಂಟ್ ಅಂತ ಹೋಗೋದೇ ಬೇಡ ಅಂತಾರೆ. ಇಲ್ಲಿನ ಫ್ರೆಂಡ್ ಒಬ್ರು ಸೀದಾ ಲಾಯರ್ ಹಿಡಿ ಅಂದ್ರು. ಮಗ ಹೋದ ವಾರದಿಂದ ಸ್ಕೂಲಿಗೆ ಹೋಗಲ್ಲ ಅಂತ ಹಟ ಮಾಡ್ತಿದಾನೆ. ಯಾರಾದ್ರೂ ಈ ದಾರೀಲಿ ಹೋಗಿದ್ರೆ ಹೇಳಿ.

ಕುಡ್ಲ_ಸಿಯಾಟಲ್
ಮೊದಲು ಲಾಯರ್ ವಿಷಯ ಬಿಡಿ ಮಾರಾಯ್ರೆ. ಆ ಸ್ಕೂಲಲ್ಲಿ ನಿಮ್ಮ ಮಗ ಇನ್ನೂ ಎಷ್ಟೋ ವರ್ಷ ಕೂತ್ಕೊಳ್ಳಿಕ್ಕೆ ಉಂಟು, ದಿನಕ್ಕೆ ಆರು ಗಂಟೆ ಅವನು ಇರುವುದು ಆ ಟೀಚರ್ ಹತ್ರ. ನಮ್ಮ ಮಗಳಿಗೂ ಇಲ್ಲಿ ವಾಷಿಂಗ್ಟನ್ನಲ್ಲಿ ಶುರುವಿಗೆ ಹೀಗೇ ಆಯ್ತು. ನಾವು ಪ್ರಿನ್ಸಿಪಾಲ್ ಹತ್ರ ಕೂತು ಸಮಾಧಾನದಲ್ಲಿ ಮಾತಾಡಿದ್ದು, ಆಮೇಲೆ ಒಂದು ಮೀಟಿಂಗಿಗೆ ಹೊರಗಿನ ಒಬ್ಬರು ತಟಸ್ಥರನ್ನು ಕರ್ಕೊಂಡು ಬಂದ್ರು, ಫೆಸಿಲಿಟೇಟೆಡ್ ಐಇಪಿ ಅಂತ ಹೇಳ್ತಾರೆ (ಐಇಪಿ ಅಂದ್ರೆ ಆ ಮಗುವಿಗೆ ಅಂತಲೇ ಬರೆಯುವ ವಿಶೇಷ ಶಿಕ್ಷಣದ ಯೋಜನೆ), ಮಾತು ದಾರಿ ತಪ್ಪದ ಹಾಗೆ ನೋಡ್ಕೊಳ್ಳುದು ಅವರ ಕೆಲಸ, ನಮಗೆ ಖರ್ಚಿಲ್ಲ. ಅಷ್ಟರಲ್ಲೇ ಮುಗೀತು. ಜಗಳಕ್ಕೆ ಹೋದ್ರೆ ಎಲ್ರೂ ಬಾಯಿ ಮುಚ್ಚಿ ವಕೀಲರ ಹತ್ರ ಕೇಳಿ ಅಂತ ಹೇಳ್ತಾರೆ, ಟೀಚರ್ ಸಹ ಮನಸ್ಸು ಬಿಚ್ಚಿ ಮಾತಾಡುದಿಲ್ಲ.

ಜರ್ಸಿ_ರಾಯರು
@ಕುಡ್ಲ_ಸಿಯಾಟಲ್ ಮೇಡಂ, ನಿಮಗೆ ಒಳ್ಳೆ ಪ್ರಿನ್ಸಿಪಾಲ್ ಸಿಕ್ಕಿದ್ರು, ಸಂತೋಷ. ಆದ್ರೆ ಈ ತಾಯಿ ಒಂದು ವರ್ಷದಿಂದ ಸಮಾಧಾನದಲ್ಲೇ ಮಾತಾಡ್ತಿದಾರಲ್ಲ, ಏನು ಸಿಕ್ತು? ಓದು ಕಲಿಯೋ ವಯಸ್ಸಲ್ಲಿ ಒಂದು ವರ್ಷ ಅಂದ್ರೆ ಸಣ್ಣ ವಿಷಯ ಅಲ್ಲ ಕಣ್ರೀ. ಥರ್ಡ್ ಗ್ರೇಡ್ ಆದಮೇಲೆ ಎಲ್ಲಾ ಸಬ್ಜೆಕ್ಟೂ ಓದಿಯೇ ಕಲೀಬೇಕು, ಅಲ್ಲಿವರೆಗೂ ಕಾಯೋದು ಅಂದ್ರೆ ಗಣಿತ ಸೈನ್ಸ್ ಎಲ್ಲಾದ್ರಲ್ಲೂ ಹಿಂದೆ ಬೀಳೋದನ್ನ ನೋಡ್ತಾ ಕೂರೋದು.

ತುಮಕೂರಿನವರೇ, ಒಂದೇ ಪ್ರಶ್ನೆ, ನೀವು ಇದುವರೆಗೂ ಕೇಳಿದ್ದು ಬಾಯಲ್ಲಾ ಬರಹದಲ್ಲಾ? ಎಲ್ಲಾ ನಿಂತಿರೋದು ಅದರ ಮೇಲೆ.

ವಾಕ್_ಶ್ರವಣ
ನಾನು ಕ್ಯಾಲಿಫೋರ್ನಿಯಾದ ಒಂದು ಸ್ಕೂಲ್ ಡಿಸ್ಟ್ರಿಕ್ಟಲ್ಲೇ (ಆ ಭಾಗದ ಸರ್ಕಾರಿ ಸ್ಕೂಲ್ ನಡೆಸೋ ಆಡಳಿತ) ಸ್ಪೀಚ್ ಲ್ಯಾಂಗ್ವೇಜ್ ಥೆರಪಿಸ್ಟ್, ಓದಿದ್ದು ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ. ಹಾಗಾಗಿ ಮೇಜಿನ ಆ ಕಡೆ ಕೂರೋಳು ನಾನು ಅಂತ ಮೊದಲೇ ಹೇಳಿಬಿಡ್ತೀನಿ.

ಕನ್ನಡ ಬಿಡಬೇಡಿ. ಎರಡು ಭಾಷೆಯಿಂದ ಮಾತಿನ ತೊಂದರೆ ಆಗಲಿ ಓದಿನ ತೊಂದರೆ ಆಗಲಿ ಹುಟ್ಟಲ್ಲ, ನಮ್ಮ ವೃತ್ತಿ ಸಂಸ್ಥೆ ಆಶಾ ಕೂಡ ಇದನ್ನೇ ಹೇಳುತ್ತೆ. ನಾವು ನೋಡೋದು ಹೀಗೆ, ತೊಂದರೆ ಇಂಗ್ಲಿಷಲ್ಲಿ ಮಾತ್ರ ಇದ್ದು ಮನೆ ಭಾಷೆ ಸರಾಗವಾಗಿದ್ರೆ ಅದು ಭಾಷೆ ಇನ್ನೂ ಕಲೀತಿರೋದ್ರಿಂದ ಇರಬಹುದು, ಎರಡರಲ್ಲೂ ಅದೇ ಥರ ಎಡವುತ್ತಿದ್ರೆ ಮಗುವಿಗೆ ನಿಜವಾಗ್ಲೂ ಸಹಾಯ ಬೇಕಿರಬಹುದು. ನೀವು ಅಜ್ಜಿ ಜೊತೆ ಮಾತಾಡುವಾಗ್ಲೂ ಪದ ಸಿಗಲ್ಲ ಅಂದ್ರಲ್ಲ, ಇಡೀ ಪೋಸ್ಟಲ್ಲಿ ನನ್ನ ಗಮನ ಹೋಗಿದ್ದು ಅಲ್ಲಿಗೇ. ಸ್ಕೂಲಿನವರಿಗೆ ಕನ್ನಡ ಬರಲ್ಲ, ಅವರಿಗೆ ಆ ಅರ್ಧ ಕಾಣಲ್ಲ, ನೀವೇ ಕಾಣಿಸಬೇಕು. ಮನೇಲಿ ಹೀಗೊಂದು ಆಟ ಆಡಿ ನೋಡಿ, "ಕಮಲದಲ್ಲಿ ಕ ತೆಗೆದ್ರೆ ಏನು ಉಳೀತು?", "ಮರಕ್ಕೆ ಪ್ರಾಸ ಆಗೋ ಪದ ಹೇಳು". ಇದೇನೂ ಪರೀಕ್ಷೆ ಅಲ್ಲ, ಡಯಾಗ್ನೋಸಿಸ್ ಅಂತ ಅಂದ್ಕೋಬೇಡಿ, ಆದ್ರೆ ಅವನಿಗಿಂತ ಚಿಕ್ಕ ಕನ್ನಡದ ಮಕ್ಕಳು ಆಡೋ ಆಟ ಅವನಿಗೆ ಆಗ್ತಿಲ್ಲ ಅಂದ್ರೆ ಅದನ್ನ ಬರೆದಿಟ್ಟುಕೊಳ್ಳಿ, ಯಾವ ಪದಕ್ಕೆ ಏನು ಹೇಳ್ದ ಅಂತ ಉದಾಹರಣೆ ಸಮೇತ.

ಇನ್ನೊಂದು, 2025-26ನೇ ಸಾಲಿಂದ ನಮ್ಮ ರಾಜ್ಯದಲ್ಲಿ ಕಿಂಡರ್‌ಗಾರ್ಟನ್‌ನಿಂದ ಸೆಕೆಂಡ್ ಗ್ರೇಡ್ ತನಕ ಎಲ್ಲಾ ಮಕ್ಕಳಿಗೂ ಓದಿನ ತೊಂದರೆಯ ಸ್ಕ್ರೀನಿಂಗ್ ಮಾಡ್ಬೇಕು ಅಂತ ಕಾನೂನು ಇದೆ. ನಿಮ್ಮ ಮಗಂದು ಏನಾಯ್ತು ಅಂತ ಕೇಳಿ, ಫಲಿತಾಂಶದ ಕಾಪಿ ತಗೊಳ್ಳಿ.

ತುಮಕೂರ್_ಟು_ಬೇಏರಿಯಾ
@ಜರ್ಸಿ_ರಾಯರು ಎಲ್ಲಾ ಬಾಯಲ್ಲೇ ಸರ್. ಮೀಟಿಂಗಲ್ಲಿ ಅವರೇ ನೋಟ್ಸ್ ಬರ್ಕೋತಿದ್ರು, ಅದೇ ಸಾಕು ಅಂತ ತಿಳ್ಕೊಂಡಿದ್ವಿ.

@ವಾಕ್_ಶ್ರವಣ ತುಂಬಾ ಥ್ಯಾಂಕ್ಸ್ ಅಕ್ಕ, ಈಗಷ್ಟೇ ಅವನ ಜೊತೆ ಆಡಿ ನೋಡ್ದೆ. ಪ್ರಾಸ ಅನ್ನೋದು ಏನು ಅಂತಾನೇ ಅವನಿಗೆ ಗೊತ್ತಾಗ್ತಿಲ್ಲ.

ಹುಬ್ಳಿ_ಮಂದಿ_ಟೆಕ್ಸಾಸ್
ಅಕ್ಕಾರ, ಬಾಯಿಲೆ ಕೇಳಿದ್ದು ಲೆಕ್ಕಕ್ಕ ಬರಂಗಿಲ್ರಿ, ಬರ್ದ್ ಕೊಡ್ರಿ. ನಮ್ಮ ಟೆಕ್ಸಾಸ್ ಕತಿ ಹೇಳ್ತೀನಿ ಕೇಳ್ರಿ. 2004ರಾಗ ಇಲ್ಲಿ ರಾಜ್ಯದವ್ರು ಸ್ಪೆಷಲ್ ಎಜುಕೇಶನ್‌ಗೆ ಬರೋ ಮಕ್ಕಳು 8.5% ದಾಟಬಾರ್ದು ಅನ್ನೋ ಹಂಗ ಒಂದು ಗುರಿ ಇಟ್ರು, ದೇಶದ ಸರಾಸರಿ 13%ರ ಆಸುಪಾಸು ಇದ್ದಾಗ. 2016ರಾಗ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಅದನ್ನ ಬಯಲಿಗೆ ತಂತು, 2018ರ ಜನವರಿಯಾಗ ಫೆಡರಲ್ ಎಜುಕೇಶನ್ ಡಿಪಾರ್ಟ್‌ಮೆಂಟ್ ಇದು ಕಾನೂನು ಮುರಿದಂಗ ಅಂತ ಹೇಳ್ತು. ಅಷ್ಟು ವರ್ಷ ಆ ತಾಯಂದ್ರಿಗೆ ಏನ್ ಹೇಳಿ ಕಳಿಸ್ತಿದ್ರು ಗೊತ್ತೇನ್ರಿ? ನಿಮಗ ಹೇಳಿದ್ದನ್ನೇ. ಕಾಯ್ರಿ, ಇನ್ನೊಂದಿಷ್ಟು ಇಂಟರ್ವೆನ್ಶನ್ (ಸಣ್ಣ ಗುಂಪಿನ್ಯಾಗ ಹೆಚ್ಚಿನ ಪಾಠ) ಮಾಡೂಣು, ಇಂಗ್ಲಿಷ್ ಬರ್ಲಿ. ಅದಕ್ಕ ಕಾಯ್ರಿ ಅನ್ನೋ ಮಾತು ಕೇಳಿದ್ರ ನನಗ ಸಿಟ್ಟು ಬರ್ತದ. ಟೀಚರ್ ಕೆಟ್ಟವ್ರು ಅಂತಲ್ಲ, ಅವ್ರ ಮ್ಯಾಲೆ ಕೂತವ್ರಿಗೆ ದುಡ್ಡಿನ ಲೆಕ್ಕ ಇರ್ತದ.

ಕುಡ್ಲ_ಸಿಯಾಟಲ್
ಬರೆದು ಕೊಡ್ಬೇಡಿ ಅಂತ ನಾನು ಹೇಳ್ಲಿಲ್ಲ. ಬರೀರಿ, ಮರ್ಯಾದೆಯಲ್ಲಿ ಬರೀರಿ. ನಾನು ಹೇಳುದು ಲಾಯರ್ ಲೆಟರ್‌ಹೆಡ್‌ನಿಂದ ಶುರು ಮಾಡುದು ಬೇಡ ಅಂತ. ಮತ್ತೆ ಟೆಕ್ಸಾಸಲ್ಲಿ ಆದದ್ದು ರಾಜ್ಯದ ತಪ್ಪು, ಅದನ್ನು ಕ್ಯಾಲಿಫೋರ್ನಿಯಾದ ಒಬ್ಬಳು ಸೆಕೆಂಡ್ ಗ್ರೇಡ್ ಟೀಚರ್ ತಲೆಗೆ ಕಟ್ಟುದು ಸರಿ ಅಲ್ಲ.

ಜರ್ಸಿ_ರಾಯರು
ಬರೆಯೋ ವಿಷಯಕ್ಕೆ ಬಂದ್ರಲ್ಲ, ಅದೇ ನಾನೂ ಹೇಳೋದು. ಒಂದು ಇಮೇಲ್, ಪ್ರಿನ್ಸಿಪಾಲ್ ಮತ್ತೆ ಡಿಸ್ಟ್ರಿಕ್ಟಿನ ಸ್ಪೆಷಲ್ ಎಜುಕೇಶನ್ ಡೈರೆಕ್ಟರ್ ಇಬ್ಬರಿಗೂ. ಮಗನ ಹೆಸರು, ಹುಟ್ಟಿದ ದಿನ, ಗ್ರೇಡ್. ಐಡಿಯಾ ಅನ್ನೋ ಫೆಡರಲ್ ಸ್ಪೆಷಲ್ ಎಜುಕೇಶನ್ ಕಾನೂನಿನ ಕೆಳಗೆ ಪೂರ್ತಿ ಅಸೆಸ್‌ಮೆಂಟ್ ಕೇಳ್ತಿದೀನಿ, ಓದು, ಮಾತು-ಭಾಷೆ, ಧ್ವನಿಗಳನ್ನ ಬಿಡಿಸಿ ಜೋಡಿಸೋ ಸಾಮರ್ಥ್ಯ ಎಲ್ಲಾ ಸೇರಿ, ಅಸೆಸ್‌ಮೆಂಟ್ ಪ್ಲಾನ್ ಕಳಿಸಿ, ಮಾಡಲ್ಲ ಅನ್ನೋದಾದ್ರೆ ಪ್ರಯರ್ ರಿಟನ್ ನೋಟಿಸ್ ಕೊಡಿ. ಅಷ್ಟೇ, ಎಂಟ್ಹತ್ತು ಸಾಲು. ಈ ಪ್ರಯರ್ ರಿಟನ್ ನೋಟಿಸ್ ಅನ್ನೋದು ದೊಡ್ಡ ಅಸ್ತ್ರ ನಮ್ಮ ಕೈಲಿರೋದು, ಯಾಕಂದ್ರೆ ಪೇರೆಂಟ್ ಕೇಳಿದ್ದನ್ನ ಡಿಸ್ಟ್ರಿಕ್ಟ್ ನಿರಾಕರಿಸಿದ್ರೆ ಯಾಕೆ ನಿರಾಕರಿಸಿದ್ವಿ, ಯಾವ ಪರೀಕ್ಷೆ ಯಾವ ದಾಖಲೆ ನೋಡಿ ಆ ತೀರ್ಮಾನಕ್ಕೆ ಬಂದ್ವಿ, ಬೇರೆ ಏನೇನು ಯೋಚಿಸಿದ್ವಿ ಅಂತ ಬರವಣಿಗೆಯಲ್ಲಿ ಕೊಡಲೇಬೇಕು. ಮೀಟಿಂಗಲ್ಲಿ ಕನ್ನಡ ಕಾರಣ ಅಂತ ಬಾಯಲ್ಲಿ ಹೇಳೋದು ಸುಲಭ, ಅದನ್ನೇ ಸಹಿ ಹಾಕಿ ಕಾಗದದ ಮೇಲೆ ಕೊಡಿ ಅಂದಾಗ ಡಿಸ್ಟ್ರಿಕ್ಟ್ ಆಫೀಸಲ್ಲಿ ಕಾನೂನು ಗೊತ್ತಿರೋರು ಒಬ್ರು ಅದನ್ನ ಓದ್ತಾರೆ, ಎಷ್ಟೋ ಸಲ ಅಲ್ಲೇ ಮನಸ್ಸು ಬದಲಾಗುತ್ತೆ.

ಇಂಟರ್ವೆನ್ಶನ್ ಮುಗೀಲಿ ಅಂತ ಅಸೆಸ್‌ಮೆಂಟ್ ತಡ ಮಾಡೋ ಹಾಗಿಲ್ಲ ಅಂತ ಫೆಡರಲ್ ಡಿಪಾರ್ಟ್‌ಮೆಂಟ್ 2011ರ ಜನವರಿಯಲ್ಲೇ ಎಲ್ಲಾ ರಾಜ್ಯಗಳಿಗೂ ಮೆಮೊ ಕಳಿಸಿದೆ. ಎರಡೂ ಜೊತೆಜೊತೆಗೇ ನಡೀಬಹುದು, ಒಂದಕ್ಕೆ ಇನ್ನೊಂದು ಕಾಯಬೇಕಿಲ್ಲ.

ವಾಕ್_ಶ್ರವಣ
ರಾಯರು ಹೇಳಿದ್ದಕ್ಕೆ ನಮ್ಮ ರಾಜ್ಯದ ಗಡುವು ಸೇರಿಸ್ತೀನಿ. ಬರಹದ ಮನವಿ ತಲುಪಿ 15 ದಿನದಲ್ಲಿ ಅಸೆಸ್‌ಮೆಂಟ್ ಪ್ಲಾನ್ ನಿಮ್ಮ ಕೈಗೆ ಬರಬೇಕು, ನೀವು ಸಹಿ ಹಾಕಿ ಕೊಟ್ಟ ದಿನದಿಂದ 60 ದಿನದೊಳಗೆ ಪರೀಕ್ಷೆ ಎಲ್ಲಾ ಮುಗಿಸಿ ಐಇಪಿ ಮೀಟಿಂಗ್ ಆಗಬೇಕು. ಎರಡೂ ಕ್ಯಾಲೆಂಡರ್ ದಿನಗಳು, ಆದ್ರೆ 5 ಸ್ಕೂಲ್ ದಿನಕ್ಕಿಂತ ಉದ್ದದ ರಜೆ ಇದ್ರೆ ಅದು ಲೆಕ್ಕಕ್ಕಿಲ್ಲ. ಸಹಿ ಹಾಕೋದನ್ನ ಒಂದು ವಾರ ಮುಂದೂಡಿದ್ರೆ ನಿಮ್ಮ ಗಡುವೇ ಒಂದು ವಾರ ಮುಂದೆ ಹೋಗುತ್ತೆ ನೆನಪಿರಲಿ. ಮತ್ತೆ ಬಾಯಲ್ಲಿ ಕೇಳಿದ್ರೂ ಅದನ್ನ ಬರಹಕ್ಕೆ ಇಳಿಸೋಕೆ ಸಹಾಯ ಮಾಡ್ತೀವಿ ಅಂತ ಸ್ಕೂಲಿನವರೇ ಮುಂದೆ ಬರಬೇಕು ಅಂತ ಇಲ್ಲಿನ ನಿಯಮ ಹೇಳುತ್ತೆ, ನಿಮ್ಮ ಸ್ಕೂಲು ಅದನ್ನ ಮಾಡಿಲ್ಲ. ಇಮೇಲಲ್ಲಿ ಹಿಂದಿನ ಎಸ್ಎಸ್‌ಟಿ ಮೀಟಿಂಗ್‌ಗಳ ತಾರೀಖು ಹಾಕಿ, ಆಗ್ಲೇ ಬಾಯಲ್ಲಿ ಕೇಳಿದ್ವಿ ಅಂತ ಒಂದು ಸಾಲು ಬರೀರಿ.

ಹುಬ್ಳಿಯವರು ದುಡ್ಡಿನ ಲೆಕ್ಕ ಅಂದ್ರು. ನಾನು ಕಂಡಂತೆ ಅದಕ್ಕಿಂತ ದೊಡ್ಡದು ಜನ ಕಮ್ಮಿ ಇರೋದು. ಒಬ್ಬೊಬ್ಬ ಥೆರಪಿಸ್ಟ್ ಕೈಲಿ ರಾಶಿ ಮಕ್ಕಳಿರ್ತಾರೆ, ಯಾರ ಫೈಲಲ್ಲಿ ತಾರೀಖು ಬಿದ್ದಿದೆಯೋ ಆ ಮಗು ಮೊದಲು. ಇದು ನ್ಯಾಯ ಅಲ್ಲ, ಆದ್ರೆ ನಡೆಯೋದು ಹೀಗೆ, ಅದಕ್ಕೇ ಇಮೇಲ್ ಇವತ್ತೇ ಕಳಿಸಿ.

ಮೈಸೂರ್_ಮೇಷ್ಟ್ರು
ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಮೊಮ್ಮಗಳು ಒಹಾಯೊದಲ್ಲಿದ್ದಾಳೆ. ನಿಮ್ಮ ಅತ್ತೆಯವರಿಗೆ ಈ ಹುಡುಗಿ (ವಾಕ್_ಶ್ರವಣ) ಬರೆದದ್ದನ್ನ ಓದಿ ಹೇಳಮ್ಮ. ನಮ್ಮ ಕಾಲದಲ್ಲಿ ಇಂಥ ಮಕ್ಕಳನ್ನ ದಡ್ಡರ ಬೆಂಚಲ್ಲಿ ಕೂರಿಸ್ತಿದ್ವಿ, ಕಾರಣ ಹುಡುಕೋ ತಿಳಿವಳಿಕೆ ಇರಲಿಲ್ಲ. ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯನ್ನ ಸೇರಿಸಿದೆ, ಎಸ್ಸೆಸ್ಸೆಲ್ಸಿಯಲ್ಲಿ ರಿಯಾಯಿತಿ ಸಿಗುತ್ತೆ. ಆದ್ರೆ ಶಾಲೆಯೇ ತನ್ನ ಖರ್ಚಲ್ಲಿ ಇಷ್ಟೇ ದಿನದಲ್ಲಿ ಪರೀಕ್ಷೆ ಮಾಡಬೇಕು ಅಂತ ತಂದೆತಾಯಿ ಗಡುವು ಹಾಕಿ ಕೇಳೋ ಹಕ್ಕು ನಿಮ್ಮ ಕಡೆ ಇರೋಷ್ಟು ಗಟ್ಟಿಯಾಗಿ ಇಲ್ಲಿ ನಾನು ಕಂಡಿಲ್ಲ. ಇರೋ ಹಕ್ಕನ್ನ ಸಂಕೋಚಕ್ಕೆ ಬಿಟ್ಟುಕೊಡಬೇಡಿ.

ಒಂದು ಅನುಮಾನ, ರಜಕ್ಕೆ ಊರಿಗೆ ಬಂದಾಗ ಮಾನಸಗಂಗೋತ್ರಿಯ ಆಯಿಷ್‌ನಲ್ಲೇ ಕನ್ನಡದಲ್ಲಿ ಪರೀಕ್ಷೆ ಮಾಡಿಸಿದ್ರೆ ಅಲ್ಲಿ ಒಪ್ತಾರಾ?

ವಾಕ್_ಶ್ರವಣ
@ಮೈಸೂರ್_ಮೇಷ್ಟ್ರು ಒಳ್ಳೆ ಪ್ರಶ್ನೆ ಸರ್. ಪೇರೆಂಟ್ ತಮ್ಮ ಖರ್ಚಲ್ಲಿ ಮಾಡಿಸಿದ ರಿಪೋರ್ಟ್ ಡಿಸ್ಟ್ರಿಕ್ಟಿನ ಮಾನದಂಡಕ್ಕೆ ಹೊಂದಿದ್ರೆ ಟೀಮ್ ಅದನ್ನ ಪರಿಗಣಿಸಲೇಬೇಕು, ಆದ್ರೆ ಅದು ಹೇಳಿದಂಗೇ ಮಾಡಬೇಕು ಅಂತಿಲ್ಲ. ಊರಿನ ರಿಪೋರ್ಟಿಗೆ ಪರೀಕ್ಷಕರ ಇಲ್ಲಿನ ಲೈಸೆನ್ಸ್ ಬಗ್ಗೆ ತಕರಾರು ತೆಗೀಬಹುದು. ಆದ್ರೂ ಕನ್ನಡದಲ್ಲಿ ಮಗು ಹೇಗಿದಾನೆ ಅನ್ನೋ ಮಾಹಿತಿ ಇಲ್ಲಿ ಬೇರೆ ಯಾರ ಹತ್ರಾನೂ ಇರಲ್ಲ, ಹಾಗಾಗಿ ಉಪಯೋಗ ಇದ್ದೇ ಇದೆ. ಆದ್ರೆ ಅದಕ್ಕೋಸ್ಕರ ಬೇಸಿಗೆ ರಜೆ ತನಕ ಇಲ್ಲಿನ ಮನವಿ ನಿಲ್ಲಿಸಬಾರದು.

ಮೇರಿಲ್ಯಾಂಡ್_ಕನ್ನಡಿಗ
ಲಾಯರ್ ಪ್ರಶ್ನೆಗೆ ನನ್ನ ಉತ್ತರ, ಈಗ ಬೇಡ. ಡ್ಯೂ ಪ್ರಾಸೆಸ್ ಹಿಯರಿಂಗ್ ಅಂದ್ರೆ ಪೇರೆಂಟ್ ಮತ್ತೆ ಡಿಸ್ಟ್ರಿಕ್ಟ್ ನಡುವಿನ ತಕರಾರಿನ ವಿಚಾರಣೆ, ಚಿಕ್ಕ ಕೋರ್ಟೇ, ಸಾಕ್ಷಿ, ಪಾಟಿ ಸವಾಲು ಎಲ್ಲಾ ಇರುತ್ತೆ. ನಮ್ಮ ಮಾಂಟ್ಗೊಮರಿ ಕೌಂಟಿಯ ಕೇಸೇ 2005ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿ ಶಾಫರ್ ವರ್ಸಸ್ ವೀಸ್ಟ್ ಅಂತ ತೀರ್ಪಾಯ್ತು, ಯಾರು ಹಿಯರಿಂಗ್ ಕೇಳ್ತಾರೋ ಸಾಬೀತು ಮಾಡೋ ಹೊಣೆ ಅವರದೇ ಅಂತ. ಅಂದ್ರೆ ಹೆಚ್ಚಾಗಿ ಪೇರೆಂಟದೇ. ಗೆದ್ರೆ ಲಾಯರ್ ಫೀಸ್ ಡಿಸ್ಟ್ರಿಕ್ಟಿಂದ ವಸೂಲಿ ಆಗಬಹುದು, ಆದ್ರೆ ನೀವು ಕರೆತಂದ ಸೈಕಾಲಜಿಸ್ಟ್ ಫೀಸ್ ಬರಲ್ಲ, ಅದು 2006ರ ಇನ್ನೊಂದು ತೀರ್ಪು. ಸೋತ್ರೆ ಎಲ್ಲಾ ನಮ್ಮ ತಲೆ ಮೇಲೆ.

ಜರ್ಸಿ_ರಾಯರು
ನ್ಯೂಜರ್ಸಿಯಲ್ಲಿ ರಾಜ್ಯದ ಕಾನೂನೇ ಬೇರೆ, ಸಾಬೀತು ಮಾಡೋ ಹೊಣೆ ಡಿಸ್ಟ್ರಿಕ್ಟಿಂದು, ನ್ಯೂಯಾರ್ಕಲ್ಲೂ ಹಾಗೇ. ಆದ್ರೂ ನಿಮ್ಮ ಮಾತು ಒಪ್ತೀನಿ, ಹಿಯರಿಂಗ್ ಕೊನೇ ಬಾಗಿಲು. ಆದ್ರೆ ಹಿಯರಿಂಗ್ ಕೇಳೋದು ಬೇರೆ, ಹಿಯರಿಂಗ್ ನಡೆಸೋದು ಬೇರೆ, ಇದನ್ನ ಜನ ಗೊಂದಲ ಮಾಡ್ಕೋತಾರೆ. ದೂರು ಕೊಟ್ಟ 15 ದಿನದಲ್ಲಿ ಡಿಸ್ಟ್ರಿಕ್ಟ್ ರಾಜಿ ಮಾತುಕತೆಗೆ ರೆಸಲ್ಯೂಶನ್ ಮೀಟಿಂಗ್ ಕರೀಬೇಕು, ತೀರ್ಮಾನ ಮಾಡೋ ಅಧಿಕಾರ ಇರೋರು ಬಂದು ಕೂರಬೇಕು, ನಾವು ಲಾಯರ್ ಕರ್ಕೊಂಡು ಹೋಗದಿದ್ರೆ ಅವರೂ ತರೋ ಹಾಗಿಲ್ಲ. ಅಲ್ಲಿ ಒಪ್ಪಂದ ಆದ್ರೆ ಸಹಿ ಹಾಕಿದ ಮೇಲೂ ಕೆಲಸದ 3 ದಿನದೊಳಗೆ ಹಿಂದೆ ಸರೀಬಹುದು.

ನಮ್ಮನೆ ಉದಾಹರಣೆ ಹೇಳ್ತೀನಿ. ಮಗಳಿಗೆ ಕ್ಲಾಸಲ್ಲಿ ಜೊತೆಗಿರ್ತಿದ್ದ ಸಹಾಯಕರನ್ನ (ಏಡ್) ತೆಗೀತೀವಿ ಅಂತ ಹೊಸ ಐಇಪಿ ಬಂತು. ನ್ಯೂಜರ್ಸಿಯಲ್ಲಿ ಅಂಥ ಬದಲಾವಣೆಗೆ ನಾವು ಸಹಿ ಹಾಕದೆ ಸುಮ್ಮನಿದ್ರೆ 15 ದಿನಕ್ಕೆ ಅದು ಜಾರಿ ಆಗಿಬಿಡುತ್ತೆ, ಕ್ಯಾಲಿಫೋರ್ನಿಯಾ ಥರ ಅಲ್ಲ. ಆ 15 ದಿನದೊಳಗೇ ರಾಜ್ಯಕ್ಕೆ ಮೀಡಿಯೇಶನ್ (ಮಧ್ಯಸ್ಥರ ಮೂಲಕ ರಾಜಿ) ಅರ್ಜಿ ಹಾಕಿದ್ವಿ, ಹಾಕಿದ ತಕ್ಷಣ ಇದ್ದ ವ್ಯವಸ್ಥೆ ಇದ್ದಂಗೇ ನಿಲ್ತು, ಸ್ಟೇ ಪುಟ್ ಅಂತಾರೆ. ಮೀಡಿಯೇಟರ್ ಬಂದ್ರು, ಒಂದು ದಿನ ಕೂತ್ವಿ, ಏಡ್ ವರ್ಷಪೂರ್ತಿ ಇರಬೇಕು, ಆಮೇಲೆ ಹಂತಹಂತವಾಗಿ ಕಮ್ಮಿ ಮಾಡೋದು, ಪ್ರತಿ ಹಂತಕ್ಕೂ ಡೇಟಾ ನಮಗೆ ತೋರಿಸಬೇಕು ಅಂತ ಆಯ್ತು. ಅದೇ ಟೀಚರ್ ಮಾರನೇ ದಿನ ಮಗಳನ್ನ ನಗುನಗ್ತಾ ಒಳಗೆ ಕರ್ಕೊಂಡ್ರು. ಕುಡ್ಲದವರೇ, ನಿಮ್ಮ ಸಂಬಂಧ ಕೆಡೋ ಭಯಕ್ಕೆ ಇದು ನನ್ನ ಉತ್ತರ. ಏನು ಬೇಕು ಅಂತ ಕಾಗದದಲ್ಲಿ ಸ್ಪಷ್ಟ ಇದ್ರೆ ಟೀಚರ್ ಜೊತೆ ಜಗಳ ಆಡೋ ಪ್ರಮೇಯವೇ ಬರಲ್ಲ.

ಕುಡ್ಲ_ಸಿಯಾಟಲ್
ನಿಮಗೆ ಹಾಗಾಯ್ತು, ಎಲ್ರಿಗೂ ಆಗ್ತದೆ ಅಂತ ಉಂಟಾ ರಾಯರೇ? ನಮ್ಮ ಪರಿಚಯದವರೊಬ್ರು ದೂರು ಕೊಟ್ಟ ಮೇಲೆ ಸ್ಕೂಲಿನಿಂದ ಬರುವ ದಿನದಿನದ ನೋಟು ನಿಂತು ಹೋಯ್ತು, ಎರಡು ಸಾಲಿನ ಇಮೇಲಿಗೆ ಸಹ ಆಫೀಸಿಂದ ಉತ್ತರ. ಕಾನೂನಿನಲ್ಲಿ ಸೇಡು ತೀರಿಸ್ಕೊಳ್ಳುವ ಹಾಗಿಲ್ಲ ಅಂತ ಉಂಟು, ನನಗೂ ಗೊತ್ತು. ಆದ್ರೆ ಪ್ರೀತಿಯಲ್ಲಿ ಮಾಡುವ ಸಣ್ಣ ಸಣ್ಣ ಕೆಲಸ ನಿಂತ್ರೆ ಅದಕ್ಕೆ ಯಾವ ಕಾನೂನು? ಮಗು ಮಾತಾಡ್ಲಿಕ್ಕೆ ಒದ್ದಾಡುವವನು, ಕ್ಲಾಸಲ್ಲಿ ಏನಾಯ್ತು ಅಂತ ಮನೆಗೆ ಬಂದು ಹೇಳ್ಲಿಕ್ಕೆ ಅವನಿಗೆ ಆಗುದಿಲ್ಲ. ಟೀಚರ್ ಒಬ್ಬರೇ ನಮಗೆ ಕಣ್ಣು. ಹಾಗಾಗಿ ಇಮೇಲ್ ಕಳಿಸುವ ಮೊದಲು ಆ ಟೀಚರಿಗೆ ಒಂದು ಮಾತು ಹೇಳಿ, ನಿಮ್ಮ ಮೇಲೆ ದೂರು ಅಲ್ಲ, ಪರೀಕ್ಷೆ ಆದ್ರೆ ನಿಮಗೂ ಸಹಾಯ ಅಂತ. ಅದರಿಂದ ಏನೂ ಕಳ್ಕೊಳ್ಳುದಿಲ್ಲ.

ಜರ್ಸಿ_ರಾಯರು
ಆ ಕೊನೇ ಮಾತು ಒಪ್ಪಿದೆ. ಟೀಚರಿಗೆ ಮೊದಲೇ ಹೇಳೋದು ಒಳ್ಳೇದೇ.

ಹುಬ್ಳಿ_ಮಂದಿ_ಟೆಕ್ಸಾಸ್
ಇಮೇಲ್ ಕಳಿಸಿ 15 ದಿನ ಆದ್ರೂ ಪ್ಲಾನೂ ಇಲ್ಲ ನೋಟಿಸೂ ಇಲ್ಲ ಅಂದ್ರ ಏನ್ ಮಾಡೂದ್ರಿ? ನಾ ಹೇಳೂದು ಸ್ಟೇಟ್ ಕಂಪ್ಲೇಂಟ್. ಲಾಯರ್ ಬ್ಯಾಡ, ಫೀ ಇಲ್ಲ, ರಾಜ್ಯದ ಎಜುಕೇಶನ್ ಇಲಾಖೆಗೆ ಏನಾತು ಯಾವಾಗ ಆತು ಅಂತ ಕಾಗದ ಜೋಡಿಸಿ ಕಳಿಸೂದು, ಡಿಸ್ಟ್ರಿಕ್ಟಿಗೂ ಒಂದು ಕಾಪಿ. 60 ದಿನದಾಗ ಅವ್ರು ಬರ್ದು ತೀರ್ಪು ಕೊಡಬೇಕು. ಘಟನೆ ಆಗಿ 1 ವರ್ಷದೊಳಗ ಕೊಡಬೇಕಷ್ಟ. ಗಡುವು ತಪ್ಪಿಸ್ಯಾರ, ನೋಟಿಸ್ ಕೊಟ್ಟಿಲ್ಲ ಅನ್ನೂವಂಥ ತಕರಾರಿಗೆ ಇದು ಭಾಳ ಚಲೋ, ಯಾಕಂದ್ರ ತಾರೀಖು ಸುಳ್ಳು ಹೇಳಂಗಿಲ್ಲ.

ಮೇರಿಲ್ಯಾಂಡ್_ಕನ್ನಡಿಗ
ಸರಿ, ಆದ್ರೆ ಮಗುವಿಗೆ ಏನು ಕಲಿಸಬೇಕು, ವಾರಕ್ಕೆ ಎಷ್ಟು ಗಂಟೆ, ಯಾವ ಪದ್ಧತಿ ಅನ್ನೋ ಜಗಳಕ್ಕೆ ಸ್ಟೇಟ್ ಕಂಪ್ಲೇಂಟಿಂದ ಅಷ್ಟು ಗಿಟ್ಟಲ್ಲ. ಅಲ್ಲಿ ತಜ್ಞರ ಅಭಿಪ್ರಾಯ ಎದುರುಬದುರು ಆಗುತ್ತೆ, ಅದಕ್ಕೆ ಮೀಡಿಯೇಶನ್, ಆಮೇಲೆ ಡ್ಯೂ ಪ್ರಾಸೆಸ್. ಡ್ಯೂ ಪ್ರಾಸೆಸ್‌ಗೆ ಸಾಮಾನ್ಯವಾಗಿ 2 ವರ್ಷದ ಮಿತಿ.

ತಾರತಮ್ಯದ ದೂರು ನೋಡೋ ಫೆಡರಲ್ ಆಫೀಸ್ ಫಾರ್ ಸಿವಿಲ್ ರೈಟ್ಸ್‌ಗೆ ಹೋಗಿ ಅಂತ ಯಾರಾದ್ರೂ ಹೇಳ್ತಾರೆ, ಅಲ್ಲಿ 180 ದಿನದ ಮಿತಿ ಇದೆ, ಮತ್ತೆ 2025ರ ಮಾರ್ಚಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಡಲ್ಲಾಸ್ ಸೇರಿ 12ರಲ್ಲಿ 7 ಪ್ರಾದೇಶಿಕ ಆಫೀಸ್ ಮುಚ್ಚೋದಾಗಿ ಘೋಷಿಸಿದ್ರು. ಬೇಗ ಆಗೋ ದಾರಿ ಅಂತ ಅದನ್ನ ನಂಬ್ಕೊಂಡು ಕೂರೋದು ಬೇಡ.

ತುಮಕೂರ್_ಟು_ಬೇಏರಿಯಾ
ಎಲ್ಲಾ ಓದ್ತಿದೀನಿ, ನಮ್ಮನೆಯವರಿಗೂ ಓದಿಸಿದೆ. ಅವರ ವೀಸಾ ಭಯಕ್ಕೆ ಯಾರಾದ್ರೂ ಉತ್ತರ ಹೇಳಿ ಪ್ಲೀಸ್. ಅದೊಂದು ಇತ್ಯರ್ಥ ಆಗದೆ ಇಮೇಲ್ ಕಳಿಸೋಕೆ ಬಿಡ್ತಿಲ್ಲ.

ಜರ್ಸಿ_ರಾಯರು
ನಾವು ಅರ್ಜಿ ಹಾಕಿದಾಗ ನಾವೂ ಎಚ್‌ಒನ್‌ಬಿಯಲ್ಲೇ ಇದ್ವಿ. ಸ್ಪೆಷಲ್ ಎಜುಕೇಶನ್ ಅನ್ನೋದು ಸರ್ಕಾರಿ ನೆರವು ಅಲ್ಲ, ಪಬ್ಲಿಕ್ ಸ್ಕೂಲ್ ಶಿಕ್ಷಣದ ಭಾಗ, ಪಬ್ಲಿಕ್ ಚಾರ್ಜ್ (ಗ್ರೀನ್ ಕಾರ್ಡ್ ಕೊಡುವಾಗ ಸರ್ಕಾರಕ್ಕೆ ಹೊರೆ ಆಗ್ತಾರಾ ಅಂತ ನೋಡೋದು) ಲೆಕ್ಕಕ್ಕೆ ಅದು ಬರಲ್ಲ. ಕಾಗದಪತ್ರ ಇಲ್ಲದ ಮಕ್ಕಳಿಗೂ ಸ್ಕೂಲಿನ ಬಾಗಿಲು ಮುಚ್ಚೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಪ್ಲೈಲರ್ ಕೇಸಲ್ಲಿ ಹೇಳಿದೆ, ನಿಮ್ಮ ಮಗನಂತೂ ಇಲ್ಲೇ ಹುಟ್ಟಿದ ಸಿಟಿಜನ್. ಐಇಪಿ ಫೈಲು ಮಗುವಿನ ಶೈಕ್ಷಣಿಕ ದಾಖಲೆ, ಫರ್ಪಾ ಅನ್ನೋ ಗೌಪ್ಯತೆ ಕಾನೂನಿನ ಕೆಳಗೆ ಬರುತ್ತೆ. ನಿಮ್ಮನೆಯವರಿಗೆ ಹೇಳಿ, ಈ ಭಯ ನಮ್ಮೆಲ್ಲರಿಗೂ ಇತ್ತು, ಆದ್ರೆ ಭಯದ ಬೆಲೆ ತೆರೋನು ಮಗ.

ಮೈಸೂರ್_ಮೇಷ್ಟ್ರು
ಸರಿಯಾಗಿ ಹೇಳಿದಿರಿ ರಾಯರೇ.

ತುಮಕೂರ್_ಟು_ಬೇಏರಿಯಾ
ಅಪ್ಡೇಟ್ ಕೊಡ್ತೀನಿ. ಟೀಚರ್ ಹತ್ರ ಮೊದಲು ಮಾತಾಡಿದೆ, ಅವರು ತುಂಬಾ ಒಳ್ಳೆ ರೀತಿ ಮಾತಾಡಿ, ಅಸೆಸ್‌ಮೆಂಟ್ ಆಗ್ಲಿ ಅಂತ ನನಗೂ ಅನ್ನಿಸ್ತಿತ್ತು ಅಂದ್ರು! ಆಮೇಲೆ ಇಮೇಲ್ ಕಳಿಸಿದ್ವಿ, ರಾಯರು ಹೇಳಿದ ಹಾಗೇ ಇಬ್ಬರಿಗೂ. ಈಗ ಪ್ರಿನ್ಸಿಪಾಲ್ ಆಫೀಸಿಂದ ಉತ್ತರ ಬಂದಿದೆ, ಮುಂದಿನ ತಿಂಗಳು ಇನ್ನೊಂದು ಎಸ್ಎಸ್‌ಟಿ ಮೀಟಿಂಗ್ ಇಡ್ತೀವಿ, ಅಲ್ಲಿ ಅಸೆಸ್‌ಮೆಂಟ್ ಬೇಕಾ ಬೇಡ್ವಾ ಅಂತ ಟೀಮ್ ತೀರ್ಮಾನ ಮಾಡುತ್ತೆ ಅಂತ. ಒಪ್ಕೋಬೇಕಾ?

ಹುಬ್ಳಿ_ಮಂದಿ_ಟೆಕ್ಸಾಸ್
ಮತ್ತ ಶುರು ಆತು ನೋಡ್ರಿ!

ವಾಕ್_ಶ್ರವಣ
ಮೀಟಿಂಗಿಗೆ ಹೋಗಿ, ಬೇಡ ಅನ್ನಬೇಡಿ, ಆದ್ರೆ ಗಡುವು ನಿಲ್ಲಲ್ಲ ಅಂತ ಈಗಲೇ ಉತ್ತರ ಬರೀರಿ. "ಮೀಟಿಂಗಿಗೆ ಖುಷಿಯಿಂದ ಬರ್ತೀವಿ, ಆದ್ರೆ ನಮ್ಮ ಬರಹದ ಮನವಿ ಇಂಥ ತಾರೀಖು ತಲುಪಿದೆ, 15 ದಿನದಲ್ಲಿ ಅಸೆಸ್‌ಮೆಂಟ್ ಪ್ಲಾನ್ ಅಥವಾ ಪ್ರಯರ್ ರಿಟನ್ ನೋಟಿಸ್ ನಿರೀಕ್ಷಿಸ್ತೀವಿ." ಎರಡೇ ಸಾಲು, ಡೈರೆಕ್ಟರ್‌ಗೆ ಸಿಸಿ. ಎಸ್ಎಸ್‌ಟಿ ಅನ್ನೋದು ಸ್ಕೂಲಿನ ಒಳಗಿನ ವ್ಯವಸ್ಥೆ, ಅದರ ಒಪ್ಪಿಗೆ ಸಿಕ್ಕ ಮೇಲೇ ಅಸೆಸ್‌ಮೆಂಟ್ ಅಂತ ಕಾನೂನಲ್ಲಿಲ್ಲ. ಜೊತೆಗೆ ಫೈಲ್ ಪೂರ್ತಿ ಕಾಪಿ ಕೇಳಿ, ಕ್ಯಾಲಿಫೋರ್ನಿಯಾದಲ್ಲಿ 5 ಕೆಲಸದ ದಿನದಲ್ಲಿ ಕೊಡಬೇಕು. ಹಳೇ ಎಸ್ಎಸ್‌ಟಿ ನೋಟ್ಸಲ್ಲಿ ನೀವು ಕೇಳಿದ್ದು ದಾಖಲಾಗಿದ್ರೆ ಅದು ಮುಂದೆ ಬೇಕಾಗುತ್ತೆ. ಆಮೇಲೆ ಐಇಪಿ ಮೀಟಿಂಗ್ ಬಂದಾಗ 24 ಗಂಟೆ ಮುಂಚೆ ಬರಹದಲ್ಲಿ ತಿಳಿಸಿದ್ರೆ ಆಡಿಯೋ ರೆಕಾರ್ಡ್ ಮಾಡ್ಕೋಬಹುದು.

ಮೇರಿಲ್ಯಾಂಡ್_ಕನ್ನಡಿಗ
ಹತ್ತಿರದ ಪೇರೆಂಟ್ ಸೆಂಟರ್‌ಗೂ ಫೋನ್ ಮಾಡಿ. ಪ್ರತಿ ರಾಜ್ಯದಲ್ಲೂ ಫೆಡರಲ್ ದುಡ್ಡಲ್ಲಿ ನಡೆಯೋ ಪೇರೆಂಟ್ ಟ್ರೇನಿಂಗ್ ಸೆಂಟರ್ ಇದೆ, ಸ್ಯಾನ್ ಹೊಸೆಯಲ್ಲಿ ಪೇರೆಂಟ್ಸ್ ಹೆಲ್ಪಿಂಗ್ ಪೇರೆಂಟ್ಸ್ ಅಂತ ಇದೆ. ಇಮೇಲ್ ಓದಿ ಸರಿ ಇದೆಯಾ ಅಂತ ಹೇಳೋಕೆ ಲಾಯರ್ ಬೇಕಿಲ್ಲ.

ಜರ್ಸಿ_ರಾಯರು
ಮುಂದಕ್ಕೆ ಇನ್ನೊಂದು ವಿಷಯ ಈಗ್ಲೇ ಹೇಳಿರ್ತೀನಿ. ಡಿಸ್ಟ್ರಿಕ್ಟಿನ ಪರೀಕ್ಷೆ ಆಗಿ, ಅವನಿಗೇನೂ ತೊಂದರೆ ಇಲ್ಲ ಅಂತ ಬಂದು, ನಿಮಗೆ ಒಪ್ಪಿಗೆ ಆಗದಿದ್ರೆ ಇಂಡಿಪೆಂಡೆಂಟ್ ಇವ್ಯಾಲ್ಯುಯೇಶನ್ (ಹೊರಗಿನ ತಜ್ಞರ ಪರೀಕ್ಷೆ) ಅವರ ಖರ್ಚಲ್ಲಿ ಕೇಳಬಹುದು. ಅವರು ದುಡ್ಡು ಕೊಡಬೇಕು, ಇಲ್ಲಾ ನಮ್ಮ ಪರೀಕ್ಷೆ ಸರಿ ಇದೆ ಅಂತ ತಾವೇ ಹಿಯರಿಂಗಿಗೆ ಹೋಗಬೇಕು, ಸುಮ್ಮನೆ ಇಲ್ಲ ಅನ್ನೋ ಹಾಗಿಲ್ಲ. ಐಇಪಿ ಆದ್ರೂ, ಅದರಲ್ಲಿ ಹಾಕಿರೋ ಗುರಿ ತೀರಾ ಸಣ್ಣದಿದ್ರೆ ಒಪ್ಪಬೇಡಿ. 2017ರಲ್ಲಿ ಕೊಲರಾಡೊದ ಎಂಡ್ರೂ ಎಫ್. ಕೇಸಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿದೆ, ಹೆಸರಿಗೆ ಒಂಚೂರು ಪ್ರಗತಿ ಆದ್ರೆ ಸಾಲದು, ಆ ಮಗುವಿನ ಶಕ್ತಿಗೆ ತಕ್ಕ ಗಟ್ಟಿ ಗುರಿ ಇರಬೇಕು ಅಂತ. ಕ್ಯಾಲಿಫೋರ್ನಿಯಾದಲ್ಲಿ ಒಪ್ಪೋ ಭಾಗಕ್ಕೆ ಮಾತ್ರ ಸಹಿ ಹಾಕಿ ಆ ಸೇವೆ ಶುರು ಮಾಡಿಸಿ, ಒಪ್ಪದ ಭಾಗಕ್ಕೆ ಜಗಳ ಮುಂದುವರಿಸಬಹುದು.

ಮತ್ತೆ ಯಾವುದೇ ಸೆಟಲ್‌ಮೆಂಟ್ ಪೇಪರಿಗೆ ಸಹಿ ಹಾಕೋ ಮುಂಚೆ ವೇವರ್ ಅನ್ನೋ ಪ್ಯಾರಾ ಓದಿ. ಇಲ್ಲಿವರೆಗಿನ ಎಲ್ಲಾ ತಕರಾರು ಬಿಟ್ಟುಕೊಟ್ಟಿದೀವಿ ಅಂತ ಇರುತ್ತೆ, ಕೆಲವು ಸಲ ಮುಂದಿನ ತಿಂಗಳುಗಳದ್ದೂ ಸೇರಿಸಿರ್ತಾರೆ. ಲಾಯರಿಗೆ ದುಡ್ಡು ಕೊಡೋದಾದ್ರೆ ಆ ಒಂದು ಗಂಟೆಗೆ ಕೊಡಿ, ಆ ಪೇಪರ್ ಓದಿಸೋಕೆ.

ಕುಡ್ಲ_ಸಿಯಾಟಲ್
ಟೀಚರ್ ನಿಮ್ಮ ಕಡೆ ಇದ್ದಾರೆ ಅಂತ ಕೇಳಿ ತುಂಬಾ ಖುಷಿ ಆಯ್ತು. ಮೀಟಿಂಗಿಗೆ ಅವರು ಬರ್ತಾರಾ ಕೇಳಿ, ಅವನ ಬರವಣಿಗೆಯ ಹಾಳೆ ಎಲ್ಲಾ ತರ್ಲಿಕ್ಕೆ ಹೇಳಿ. ರಾಯರು ಹೇಳಿದ ಕಾಗದ ಒಂದು ಕೈಯಲ್ಲಿ, ಟೀಚರ್ ಮಾತು ಇನ್ನೊಂದು ಕೈಯಲ್ಲಿ ಇಟ್ಕೊಂಡು ಹೋಗಿ.

ತುಮಕೂರ್_ಟು_ಬೇಏರಿಯಾ
ಉತ್ತರ ಕಳಿಸಿದೆ, ಫೈಲ್ ಕಾಪಿನೂ ಕೇಳಿದೆ. ಒಂದೇ ಒಂದು ಪ್ರಶ್ನೆ ಉಳಿದಿದೆ. ಅತ್ತೆಯವರು ದಿನಾ ಅವನನ್ನ ನೋಡ್ಕೊಳ್ಳೋದು, ಅವನ ಕನ್ನಡದ ಬಗ್ಗೆ ನನಗಿಂತ ಅವರಿಗೇ ಜಾಸ್ತಿ ಗೊತ್ತು. ಅವರಿಗೆ ಇಂಗ್ಲಿಷ್ ಬರಲ್ಲ. ಮೀಟಿಂಗಿಗೆ ಕರ್ಕೊಂಡು ಹೋಗಬಹುದಾ?

ವಾಕ್_ಶ್ರವಣ
ಖಂಡಿತಾ ಕರ್ಕೊಂಡು ಹೋಗಿ, ಮಗುವಿನ ಬಗ್ಗೆ ವಿಶೇಷವಾಗಿ ತಿಳಿದಿರೋರನ್ನ ಐಇಪಿ ಮೀಟಿಂಗಿಗೆ ಕರೆತರೋ ಹಕ್ಕು ನಿಮಗಿದೆ. ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಈಗಲೇ ಬರೆದು ಕೇಳಿ, ಕನ್ನಡದವರು ಸಿಗೋದು ಕಷ್ಟ, ಫೋನ್ ಮೂಲಕ ಆದ್ರೂ ವ್ಯವಸ್ಥೆ ಮಾಡೋಕೆ ಅವರಿಗೆ ಸಮಯ ಬೇಕಾಗುತ್ತೆ. ಸ್ಕೂಲಿನವರು ಇಂಟರ್‌ಪ್ರಿಟರ್ ಕೊಡಲೇಬೇಕಾದ್ದು ತಂದೆತಾಯಿಗೋಸ್ಕರ, ಅಜ್ಜಿಗೋಸ್ಕರ ಮಾತ್ರ ಅಂದ್ರೆ ಇಲ್ಲ ಅನ್ನಬಹುದು, ಆಗ ನೀವೇ ಅವರ ಮಾತು ತಿಳಿಸಿ ಹೇಳಿ. ಪ್ಲಾನ್ ಬಂದಾಗ ಅದರಲ್ಲಿ ಮಗುವಿನ ಮನೆ ಭಾಷೆ ಅನ್ನೋ ಜಾಗದಲ್ಲಿ ಕನ್ನಡ ಅಂತ ಇದೆಯಾ, ಕನ್ನಡದಲ್ಲಿ ಅವನ ಮಾತನ್ನ ಹೇಗೆ ನೋಡ್ತೀವಿ ಅಂತ ಬರೆದಿದ್ದಾರಾ ನೋಡಿ. ಇಲ್ಲದಿದ್ರೆ ಸಹಿ ಹಾಕಿ, ಸಹಿ ಪಕ್ಕದಲ್ಲೇ "ಕನ್ನಡದಲ್ಲೂ ಮಾಹಿತಿ ಸಂಗ್ರಹಿಸಿ" ಅಂತ ಬರೆದು ಕಳಿಸಿ. ಅತ್ತೆಯವರು ಅವನಿಗೆ ಕಥೆ ಹೇಳಿಸೋದನ್ನ ಎರಡು ಮೂರು ನಿಮಿಷ ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ, ಅಸೆಸ್‌ಮೆಂಟ್ ಮಾಡೋ ಥೆರಪಿಸ್ಟ್ ನಾನಾಗಿದ್ರೆ ಮೊದಲು ಕೇಳೋದೇ ಅದು.